ಬಿಸಿಲಿಗೂ ಚಳಿಗೂ ಒಂದೇ ಬಾಟಲಿ ಸಾಕೇ? ಬೆಳೆಯ ಆ್ಯಂಟಿಆಕ್ಸಿಡೆಂಟ್ ರಕ್ಷಣೆಗೆ ಯಾವುದರ ಮೇಲೆ ದುಡ್ಡು ಹಾಕಬೇಕು, ಯಾವುದರ ಮೇಲೆ ಬೇಡ

ಮಾರ್ಚ್ ಎರಡನೇ ವಾರ, ಮಧ್ಯಾಹ್ನ ಹನ್ನೆರಡೂವರೆಗೆ ದೊಡ್ಡಪ್ಪನ ಫೋನು. "ಏನ್ ತಾಯಿ, ಔಷಧಿ ಅಂಗಡೀಲಿ ನಿಂತಿದೀನಿ. ಟೊಮೆಟೊ ಹೂವೆಲ್ಲಾ ಉದುರ್ತಾ ಐತೆ. ಇವ್ರು ಮೂರು ಬಾಟ್ಲಿ ಮುಂದಿಟ್ಟವ್ರೆ. ಯಾವ್ದು ಹೊಡೀಲಿ?" ಹಿಂದೆಯೇ ವಾಟ್ಸಾಪಿನಲ್ಲಿ ಫೋಟೊ ಬಂತು. ಒಂದು ಬಾಟಲಿಯ ಮೇಲೆ ಸೂರ್ಯನ ಚಿತ್ರ, ಇನ್ನೊಂದರ ಮೇಲೆ ಮಂಜಿನ ಹರಳು, ಮೂರನೆಯದರ ಮೇಲೆ ಎರಡೂ. ಮೂರರಲ್ಲೂ ದಪ್ಪಕ್ಷರದಲ್ಲಿ ಒಂದೇ ಮಾತು: ಆ್ಯಂಟಿಆಕ್ಸಿಡೆಂಟ್ ಶಕ್ತಿ.

"ದೊಡ್ಡಪ್ಪ, ಇವತ್ತು ಯಾವುದೂ ತಗೋಬೇಡಿ, ಸಂಜೆ ಬರ್ತೀನಿ" ಅಂದೆ. ಆ ಸಂಜೆ ಅವರ ಜಗಲಿಯ ಮೇಲೆ ಕೂತು ಹೇಳಿದ್ದನ್ನೇ ಸ್ವಲ್ಪ ಹಿಗ್ಗಿಸಿ ಇಲ್ಲಿ ಬರೆಯುತ್ತಿದ್ದೇನೆ. ನಾನು ಓದಿದ್ದು ಬೆಳೆಗಳ ಶರೀರಕ್ರಿಯಾಶಾಸ್ತ್ರ, ಹೊಟ್ಟೆಪಾಡು ತರಕಾರಿ ಸಸಿಗಳ ನರ್ಸರಿ. ಹಾಗಾಗಿ ಮಾತು ಹೆಚ್ಚಾಗಿ ಟೊಮೆಟೊ ಸುತ್ತಲೇ ತಿರುಗುತ್ತದೆ. ಭತ್ತ, ಕಡಲೆ, ಗೋಧಿ ನಡುನಡುವೆ ಬಂದುಹೋಗುತ್ತವೆ.

ಎಲೆಯೊಳಗೆ ನಡೆಯುವುದು

ಆಮ್ಲಜನಕ ನಮಗೆ ಪ್ರಾಣವಾಯು. ಎಲೆಯೊಳಗೆ ದಾರಿ ತಪ್ಪಿದ ಒಂದು ಎಲೆಕ್ಟ್ರಾನ್ ಅದಕ್ಕೆ ಅಂಟಿಕೊಂಡರೆ ಅದೇ ಆಮ್ಲಜನಕ ಸೂಪರ್ ಆಕ್ಸೈಡ್ ಎಂಬ ಕೆರಳಿದ ರೂಪ ತಾಳುತ್ತದೆ. ಗಟ್ಟಿಮುಟ್ಟಾದ ಗಿಡದಲ್ಲೂ ಇದು ದಿನವಿಡೀ ಅಷ್ಟಷ್ಟು ಹುಟ್ಟುತ್ತಲೇ ಇರುತ್ತದೆ. ಇಂಥದನ್ನು ಹಿಡಿದು ಗಿಡ ಕಾಯುವ ಕಾವಲುಗಾರರೇ ಆ್ಯಂಟಿಆಕ್ಸಿಡೆಂಟುಗಳು. ಅವರಲ್ಲಿ ಮೊದಲನೆಯವನು ಸೂಪರ್ ಆಕ್ಸೈಡ್ ಡಿಸ್ಮ್ಯುಟೇಸ್, ಚುಟುಕಾಗಿ ಎಸ್‌ಒಡಿ ಎಂಬ ಕಿಣ್ವ. ಅದರ ಕೆಲಸ ಇದೇ ಎಂದು 1969ರಲ್ಲಿ ಮೆಕಾರ್ಡ್ ಮತ್ತು ಫ್ರಿಡೊವಿಚ್ ಎಂಬ ವಿಜ್ಞಾನಿಗಳು ತೋರಿಸಿದರು. ಎಸ್‌ಒಡಿ ಕೈಗೆ ಸಿಕ್ಕ ಸೂಪರ್ ಆಕ್ಸೈಡ್ ಹೈಡ್ರೋಜನ್ ಪೆರಾಕ್ಸೈಡ್ ಆಗುತ್ತದೆ. ಗಾಯ ತೊಳೆಯಲು ಮೆಡಿಕಲ್ ಶಾಪಿನಲ್ಲಿ ಕೊಡುವ, ನೊರೆ ಬರುವ ದ್ರವ ಇದೆಯಲ್ಲ, ಅದೇ.

ಈ ಪೆರಾಕ್ಸೈಡನ್ನು ನೀರು ಮಾಡಲು ಗಿಡಕ್ಕೆ ಎರಡು ದಾರಿ. ಕ್ಯಾಟಲೇಸ್ ಎಂಬ ಕಿಣ್ವ ರಾಶಿ ಬಿದ್ದಾಗ ರಪರಪನೆ ಒಡೆದು ಹಾಕುತ್ತದೆ, ಆದರೆ ಚೂರುಪಾರು ಉಳಿದದ್ದರ ಕಡೆ ಅದಕ್ಕೆ ಗಮನ ಕಡಿಮೆ. ಚೂರನ್ನೂ ಬಿಡದೆ ಹೆಕ್ಕುವುದು ಇನ್ನೊಂದು ಕಿಣ್ವ, ಆಸ್ಕಾರ್ಬೇಟ್ ಪೆರಾಕ್ಸಿಡೇಸ್. ಅದು ವಿಟಮಿನ್ ಸಿ ಖರ್ಚು ಮಾಡಿ ಕೆಲಸ ನಡೆಸುತ್ತದೆ. ಖರ್ಚಾದ ವಿಟಮಿನ್ ಸಿ ಗ್ಲುಟಾಥಯೋನ್ ಎಂಬ ಇನ್ನೊಂದು ವಸ್ತುವಿನ ಸಹಾಯದಿಂದ ಮತ್ತೆ ಹುಟ್ಟುತ್ತದೆ. ಈ ಚಕ್ರವನ್ನು 1976ರಲ್ಲಿ ಫಾಯರ್ ಮತ್ತು ಹ್ಯಾಲಿವೆಲ್ ವಿವರಿಸಿದರು. ಎರಡು ದಾರಿಯೂ ಕಟ್ಟಿಕೊಂಡು ಪೆರಾಕ್ಸೈಡ್ ಉಳಿದು, ಅದಕ್ಕೆ ಬಿಡಿ ಕಬ್ಬಿಣ ಸಿಕ್ಕಿತೋ, ಹೈಡ್ರಾಕ್ಸಿಲ್ ಎಂಬ ಮಹಾಪುಂಡ ಹುಟ್ಟುತ್ತಾನೆ. ಅವನನ್ನು ಹಿಡಿಯುವ ಕಿಣ್ವ ಯಾವ ಗಿಡದಲ್ಲೂ ಇಲ್ಲ. ಎದುರಿಗೆ ಸಿಕ್ಕಿದ್ದನ್ನು ಕಚ್ಚುತ್ತಾನೆ, ಸಿಗುವುದು ಹೆಚ್ಚಾಗಿ ಜೀವಕೋಶದ ಪೊರೆಯ ಕೊಬ್ಬು. ಡಬ್ಬಿಯಲ್ಲಿ ಹಳೆಯದಾದ ಕಡಲೆಕಾಯಿ ಎಣ್ಣೆ ಕಮಟು ಹಿಡಿಯುತ್ತದಲ್ಲ, ಬದುಕಿರುವ ಎಲೆಯ ಪೊರೆ ಹಿಡಿಯುವುದೂ ಅದೇ ಕಮಟು.

ಇನ್ನು ಎರಡು ಮಾತು ನೆನಪಿನಲ್ಲಿರಲಿ, ಮುಂದಿನ ಆಯ್ಕೆಗಳೆಲ್ಲ ಇವುಗಳ ಮೇಲೆಯೇ ನಿಂತಿವೆ. ಈ ಕಾವಲುಗಾರರನ್ನು ಕಟ್ಟಲು ಸಾಮಾನು ಬೇಕು: ಎಸ್‌ಒಡಿಗೆ ಸತು ಮತ್ತು ತಾಮ್ರ, ಇಲ್ಲವೆ ಮ್ಯಾಂಗನೀಸ್, ಇಲ್ಲವೆ ಕಬ್ಬಿಣ, ಕ್ಯಾಟಲೇಸಿಗೆ ಕಬ್ಬಿಣ, ಗ್ಲುಟಾಥಯೋನಿಗೆ ಗಂಧಕ. ಎರಡನೆಯದು, ಪೆರಾಕ್ಸೈಡ್ ಬರೀ ವಿಷವಲ್ಲ, ಸುದ್ದಿಯೂ ಹೌದು. ಅದು ಸ್ವಲ್ಪ ಏರಿದಾಗಲೇ ಗಿಡಕ್ಕೆ "ಕಷ್ಟ ಬರುತ್ತಿದೆ, ಕಾವಲು ಹೆಚ್ಚಿಸು" ಎಂಬ ಸಂದೇಶ ಹೋಗುವುದು. ಸುದ್ದಿ ಮುಟ್ಟಿ, ಜೀನುಗಳು ಎಚ್ಚೆತ್ತು, ಕಿಣ್ವ ತಯಾರಾಗಲು ಗಂಟೆಗಳಿಂದ ದಿನಗಳು ಬೇಕು.

ಬಿಸಿಲ ಪೆಟ್ಟು, ಚಳಿ ಪೆಟ್ಟು

ಎರಡರಲ್ಲೂ ಕೊನೆಗೆ ಕಾಣುವ ಗಾಯ ಒಂದೇ ಥರ. ಆಗುವ ಕಾರಣ ಬೇರೆ ಬೇರೆ.

ಚಳಿಯಲ್ಲಿ ಸಕ್ಕರೆ ಕಟ್ಟುವ ಕಿಣ್ವಗಳು ಜಡವಾಗುತ್ತವೆ. ಆದರೆ ಎಲೆ ಬೆಳಕು ಹಿಡಿಯುವ ಕೆಲಸಕ್ಕೂ ತಾಪಮಾನಕ್ಕೂ ಸಂಬಂಧವೇ ಇಲ್ಲ. ಮಿಲ್ಲಿನಲ್ಲಿ ಮೇಲಿಂದ ರಾಗಿ ಸುರಿಯುತ್ತಲೇ ಇದ್ದು ಕೆಳಗೆ ಕಲ್ಲು ನಿಧಾನವಾದರೆ ಏನಾಗುತ್ತದೆ? ತುಂಬಿ ಹೊರಚೆಲ್ಲುತ್ತದೆ. ಹಾಗೆ ಚೆಲ್ಲಿದ ಎಲೆಕ್ಟ್ರಾನುಗಳೇ ಆಮ್ಲಜನಕಕ್ಕೆ ಅಂಟುವುದು. ಆದ್ದರಿಂದ ಚಳಿಗಾಲದಲ್ಲಿ ಅತಿ ಕೆಟ್ಟ ಹೊತ್ತು ನಡುರಾತ್ರಿಯಲ್ಲ. ಕೊರೆಯುವ ರಾತ್ರಿ ಕಳೆದು ಮೋಡವಿಲ್ಲದ ಬೆಳ್ಳಂಬೆಳಗ್ಗೆ ಬಿಸಿಲು ಬಿದ್ದ ಆ ಮೊದಲ ಎರಡು ಗಂಟೆ. ಟೊಮೆಟೊ, ಸೌತೆ, ಬಾಳೆ, ಭತ್ತ, ಜೋಳ, ಮೆಕ್ಕೆಜೋಳ ಇವೆಲ್ಲ ಹತ್ತು ಹನ್ನೆರಡು ಡಿಗ್ರಿಯ ಆಸುಪಾಸಿನಲ್ಲೇ ನರಳುತ್ತವೆ. ಗೋಧಿ, ಸಾಸಿವೆ, ಬಟಾಣಿ, ಎಲೆಕೋಸಿಗೆ ಅದು ಹಿತ.

ಬಿಸಿಲಿನಲ್ಲಿ ಕತೆ ತಿರುಗುಮುರುಗು. ಸೆಕೆ ಏರಿದಂತೆ ಇಂಗಾಲದ ಡೈಆಕ್ಸೈಡ್ ಹಿಡಿಯಬೇಕಾದ ಕಿಣ್ವ ಎಡವಿ ಎಡವಿ ಆಮ್ಲಜನಕವನ್ನೇ ಹಿಡಿಯುತ್ತದೆ. ಅದನ್ನು ಸರಿಪಡಿಸುವ ದಾರಿಯಲ್ಲಿ ಪೆರಾಕ್ಸೈಡ್ ರಾಶಿ ಬೀಳುತ್ತದೆ, ಕ್ಯಾಟಲೇಸಿಗೆ ಬಿಡುವಿಲ್ಲದ ದುಡಿಮೆ. ತೊಂದರೆ ಏನೆಂದರೆ ಕ್ಯಾಟಲೇಸ್ ದಿನಗೂಲಿಯವನ ಹಾಗೆ, ಬೆಳಕಿನಲ್ಲಿ ದಿನದಿನವೂ ಮುರಿಯುತ್ತದೆ, ದಿನದಿನವೂ ಹೊಸದು ತಯಾರಾಗಬೇಕು. ಅತಿ ಸೆಕೆಯೂ ಅತಿ ಚಳಿಯೂ ಆ ಹೊಸ ತಯಾರಿಕೆಯನ್ನೇ ನಿಲ್ಲಿಸುತ್ತವೆ. ಆಗ ಭಾರವೆಲ್ಲ ವಿಟಮಿನ್ ಸಿ ದಾರಿಯ ಮೇಲೆ. ರಾಗಿ, ಜೋಳ, ಮೆಕ್ಕೆಜೋಳದಲ್ಲಿ ಈ ಎಡವುವಿಕೆ ತೀರಾ ಕಡಿಮೆ. ನೀರು ಸಾಲದ ಬೇಸಿಗೆಯಲ್ಲಿ ಭತ್ತವೋ ರಾಗಿಯೋ ಎಂದು ಯಾರಾದರೂ ಕೇಳಿದರೆ ನಾನು ರಾಗಿ ಕಡೆ ಕೈ ತೋರಿಸುವುದಕ್ಕೆ ಇದೂ ಒಂದು ಕಾರಣ.

ಪೊರೆಯ ವಿಚಾರದಲ್ಲೂ ವ್ಯತ್ಯಾಸವಿದೆ. ಚಳಿಗೆ ಅದು ಗಟ್ಟಿ ತುಪ್ಪ, ಸೆಕೆಗೆ ಕರಗಿದ ತುಪ್ಪ. ಚಳಿಗೆ ಹೊಂದಿಕೊಳ್ಳುವ ಗಿಡ ಪೊರೆಯಲ್ಲಿ ತೆಳು ಎಣ್ಣೆಯಂಥ ಕೊಬ್ಬು ಹೆಚ್ಚಿಸಿಕೊಳ್ಳುತ್ತದೆ. ಅಂಥ ಕೊಬ್ಬು ಬೇಗ ಕಮಟು ಹಿಡಿಯುತ್ತದೆ, ಅದಕ್ಕೆ ಜೊತೆಯಲ್ಲೇ ವಿಟಮಿನ್ ಇ ಕಾವಲೂ ಬೇಕು. ಬಿಸಿಲಿಗೆ ಹೊಂದಿಕೊಳ್ಳುವ ಗಿಡ ಇದಕ್ಕೆ ವಿರುದ್ಧ ದಿಕ್ಕಿನಲ್ಲಿ ನಡೆಯುತ್ತದೆ. ಎರಡಕ್ಕೂ ಒಂದೇ ಬಾಟಲಿ ಎನ್ನುವವರ ಮೇಲೆ ನನಗೆ ಮೊದಲ ಅನುಮಾನ ಹುಟ್ಟುವುದು ಇಲ್ಲಿಯೇ.

ಯಾವ ವಯಸ್ಸಿನಲ್ಲಿ ಪೆಟ್ಟು ಬೀಳಲಿ?

ಆಯ್ಕೆಗಳಲ್ಲಿ ಇದು ಪುಕ್ಕಟೆ, ಫಲವೂ ಎಲ್ಲಕ್ಕಿಂತ ದೊಡ್ಡದು. ಬಿತ್ತನೆ ತಾರೀಖು ಎಂದರೆ ಗಿಡ ತನ್ನ ಯಾವ ವಯಸ್ಸಿನಲ್ಲಿ ಯಾವ ಪೆಟ್ಟು ತಿನ್ನಬೇಕೆಂಬ ತೀರ್ಮಾನ.

ತುಂಗಭದ್ರಾ ಅಚ್ಚುಕಟ್ಟಿನ ಬೇಸಿಗೆ ಭತ್ತ ತೆಗೆದುಕೊಳ್ಳಿ. ಡಿಸೆಂಬರಿನಲ್ಲಿ ಸಸಿಮಡಿ ಮಾಡಿದರೆ ಸಸಿ ಚಳಿಗೆ ಹಳದಿಯಾಗಿ ಮುದುಡಿ ಕೂರುತ್ತದೆ, ನೋಡಿದವರ ಎದೆ ಧಸಕ್ಕೆನ್ನುತ್ತದೆ. ಆ ಹೆದರಿಕೆಗೆ ಮಡಿಯನ್ನು ಜನವರಿ ಕೊನೆಗೆ ತಳ್ಳಿದರೆ ಸಸಿ ಚೆನ್ನಾಗಿಯೇ ಏಳುತ್ತದೆ, ತೆನೆ ಮಾತ್ರ ಏಪ್ರಿಲ್ ಬಿಸಿಲಿಗೆ ಸರಿಯಾಗಿ ಹೂವಾಡುತ್ತದೆ. ಭತ್ತದ ಹೂವು ತೆರೆಯುವುದು ಬೆಳಗಿನ ಹೊತ್ತು, ಒಂದೆರಡು ಗಂಟೆ ಅಷ್ಟೇ. ಆ ಗಳಿಗೆಯಲ್ಲಿ 35 ಡಿಗ್ರಿ ದಾಟಿದರೆ ಕಾಳು ಜೊಳ್ಳು. ನನ್ನ ಓಟು ಮೊದಲನೆಯದಕ್ಕೆ. ಎಲೆ ಹಳದಿಯಾದರೆ ಹೊಸ ಎಲೆ ಬರುತ್ತದೆ. ಹೋದ ಪರಾಗ ಮರಳಿ ಬರುವುದಿಲ್ಲ. ಚಳಿಯ ಮಡಿಗೆ ಉಪಾಯವೂ ಕೈಯಲ್ಲಿದೆ: ಸಂಜೆ ಬೋರ್‌ವೆಲ್ಲಿನ ಬೆಚ್ಚನೆ ನೀರು ನಿಲ್ಲಿಸಿ, ಬೆಳಗ್ಗೆ ತಣ್ಣಗಾದದ್ದನ್ನು ಬಸಿದು ಬಿಡುವುದು, ಜೊತೆಗೆ ಸತುವಿನ ಸಲ್ಫೇಟ್. ತಣ್ಣನೆ ಕೆಸರಿನಲ್ಲಿ ಬೇರಿಗೆ ಸತು ಸಿಗುವುದು ಮೊದಲೇ ಕಷ್ಟ. ಸತು ಕಡಿಮೆಯಾದ ಗಿಡಕ್ಕೆ ಎಸ್‌ಒಡಿಯೂ ಕಡಿಮೆ, ಬೆಳಗಿನ ಬಿಸಿಲು ತಡೆಯುವ ತಾಕತ್ತೂ ಕಡಿಮೆ.

ಕಡಲೆಯಲ್ಲೂ ಇದೇ ಲೆಕ್ಕ. ಎರೆಭೂಮಿಯಲ್ಲಿ ಅಕ್ಟೋಬರಿನಲ್ಲಿ ಬಿತ್ತಿದ್ದು ಬಿಸಿಲೇರುವ ಮುಂಚೆಯೇ ಕಾಯಿ ಕಟ್ಟಿ ಮುಗಿಸುತ್ತದೆ. ಮಳೆ ಕೈಕೊಟ್ಟು ನವೆಂಬರ್ ಕೊನೆಗೆ ಹೋದರೆ ಸುಗ್ಗಿ ಹೊತ್ತಿಗೆ ಸೆಕೆ ಕಾದಿರುತ್ತದೆ, ಆಗ ತಳಿಯನ್ನೇ ಬದಲಿಸಬೇಕು.

ಟೊಮೆಟೊ ಸ್ವಲ್ಪ ತಲೆನೋವಿನ ಬೆಳೆ, ಏಕೆಂದರೆ ಇಲ್ಲಿ ತಾರೀಖು ನಿಗದಿ ಮಾಡುವುದು ಹವಾಮಾನಕ್ಕಿಂತ ಮಂಡಿ. 2023ರ ಜುಲೈನಲ್ಲಿ ಕೋಲಾರದಲ್ಲಿ 15 ಕಿಲೋ ಬಾಕ್ಸು ಎರಡು ಸಾವಿರ ದಾಟಿದ ಮೇಲಂತೂ ಬೇಸಿಗೆ ನಾಟಿ ಬೇಡ ಎಂದರೆ ಯಾರೂ ಕೇಳುವುದಿಲ್ಲ. ಬೇಡ ಎನ್ನುವ ಧೈರ್ಯ ನನಗೂ ಇಲ್ಲ, ಸಸಿ ಮಾರಿ ಬದುಕುವವಳು. ಆದರೆ ಒಂದು ಲೆಕ್ಕ ತಿಳಿದಿರಲಿ. ಟೊಮೆಟೊ ಪರಾಗಕ್ಕೆ ಸೆಕೆಯ ಏಟು ಬೀಳುವುದು ಹೂವು ಅರಳಿದ ದಿನಕ್ಕಿಂತ ಹೆಚ್ಚಾಗಿ ಅರಳುವ ಎಂಟರಿಂದ ಹದಿಮೂರು ದಿನ ಮೊದಲು, ಮೊಗ್ಗು ಸಾಸಿವೆ ಗಾತ್ರದಿಂದ ಏಳುತ್ತಿರುವಾಗ. ಪರಾಗ ತಯಾರಾಗುವ ಆ ಕೋಣೆಯಲ್ಲಿ ಉಸಿರಾಟ ಜೋರು, ಕೆರಳಿದ ಆಮ್ಲಜನಕವೂ ಜೋರು. ಅಲ್ಲಿ ಕಾವಲಿಗಿರುವುದು ಫ್ಲೇವನಾಲ್ ಎಂಬ ವರ್ಣವಸ್ತು. ಅದು ಕಡಿಮೆಯಿರುವ ಟೊಮೆಟೊ ಗಿಡಗಳ ಪರಾಗ ಸೆಕೆಗೆ ಬೇಗ ಸಾಯುತ್ತದೆಂದು 2018ರ ಒಂದು ಅಧ್ಯಯನ ತೋರಿಸಿತು. ಅಂದರೆ ದೊಡ್ಡಪ್ಪನ ತೋಟದಲ್ಲಿ ಇವತ್ತು ಉದುರುತ್ತಿರುವ ಹೂವಿನ ಹಣೆಬರಹ ಶಿವರಾತ್ರಿ ಆಸುಪಾಸಿನಲ್ಲೇ ಬರೆದಾಗಿತ್ತು. ಇವತ್ತು ಬಾಟಲಿ ಸುರಿದರೆ ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡಿದ ಹಾಗೆ. ಉಳಿಸುವುದಾದರೆ ಇನ್ನು ಹತ್ತು ದಿನಕ್ಕೆ ಅರಳುವ ಮೊಗ್ಗನ್ನು ಉಳಿಸಬೇಕು.

ತಳಿ

ಹೆಸರಿನಲ್ಲೇ ಗುಣ ಹೇಳುವ ತಳಿಗಳಿವೆ. ದೆಹಲಿಯ ಪೂಸಾ ಸಂಸ್ಥೆಯ ಪೂಸಾ ಶೀತಲ್ ರಾತ್ರಿ ಎಂಟು ಡಿಗ್ರಿಗಿಳಿದರೂ ಕಾಯಿ ಕಚ್ಚುವ ಟೊಮೆಟೊ. ಪೂಸಾ ಸದಾಬಹಾರ್ ರಾತ್ರಿ ತಂಪಿದ್ದರೂ ಸೆಕೆಯಿದ್ದರೂ ಕಚ್ಚುತ್ತದೆ. ಕಡಲೆಯಲ್ಲಿ ತಡ ಬಿತ್ತನೆಗೆಂದೇ 2009ರಲ್ಲಿ ಬಂದದ್ದು ಜೆಜಿ-14. ಭತ್ತದಲ್ಲಿ ನಗಿನಾ-22 ಎಂಬ ಹಳೆ ತಳಿ ಬಿಸಿಲಿಗೆ ಹೆಸರುವಾಸಿ, ಆದರೆ ಅದು ವಿಜ್ಞಾನಿಗಳು ಸಂಕರಕ್ಕೆ ಬಳಸುವ ತಾಯಿ ಬೇರು. ನಮ್ಮ ಗದ್ದೆಗೆ ಹಾಕಿದರೆ ಇಳುವರಿ ನೋಡಿ ಅಳಬೇಕಾದೀತು.

ಕೋಲಾರ ಚಿಕ್ಕಬಳ್ಳಾಪುರದ ಕಡೆ ಬಹುಪಾಲು ಹಾಕುವುದು ಖಾಸಗಿ ಹೈಬ್ರಿಡ್. ದೂರದ ಲಾರಿ ಪ್ರಯಾಣ ತಡೆಯುವ ಗಟ್ಟಿ ಕಾಯಿಯೇ ಇಲ್ಲಿ ಬೇಕು, ಆದ್ದರಿಂದ ಸರ್ಕಾರಿ ತಳಿಯ ಹೆಸರು ಹೇಳಿದರೆ ನಗುತ್ತಾರೆ. ಸರಿ, ಹೈಬ್ರಿಡ್ಡೇ ಆಗಲಿ. ಕಂಪನಿಯವರನ್ನು "ಬಿಸಿಲು ತಡೆಯುತ್ತಾ" ಎಂದು ಕೇಳಬೇಡಿ, ಹೂಂ ಎನ್ನದೆ ಇನ್ನೇನಂದಾರು. "ರಾತ್ರಿ ಸೆಕೆಯಲ್ಲಿ ಕಾಯಿ ಕಚ್ಚುತ್ತಾ, ಕಳೆದ ಏಪ್ರಿಲ್‌ನಲ್ಲಿ ಯಾರ ತೋಟದಲ್ಲಿತ್ತು, ಮೂರನೇ ಗೊಂಚಲಿನಲ್ಲಿ ಎಷ್ಟು ಕಾಯಿ ನಿಂತಿತ್ತು" ಎಂದು ಕೇಳಿ. ಟೊಮೆಟೊಗೆ ಹಗಲಿನ ಸೆಕೆಗಿಂತ ತಣಿಯದ ರಾತ್ರಿಯೇ ಹೆಚ್ಚು ಕಾಟ ಕೊಡುವುದು.

ತಳಿ ವಿಚಾರದಲ್ಲಿ ಓದಿದವರೂ ಜಾರುವ ಒಂದು ಜಾಗವಿದೆ. "ಈ ತಳಿಯಲ್ಲಿ ಎಸ್‌ಒಡಿ ಜಾಸ್ತಿ ಇದೆ, ಆದ್ದರಿಂದ ತಾಳಿಕೆ ಜಾಸ್ತಿ" ಎಂಬ ಮಾತು. ಪೊಲೀಸರು ಹೆಚ್ಚು ಕಂಡ ಊರಲ್ಲಿ ಶಾಂತಿ ಹೆಚ್ಚಿದೆಯೋ ಗಲಾಟೆ ಹೆಚ್ಚಿದೆಯೋ? 1992ರಲ್ಲಿ ಚಕ್ಮಾಕ್ ಮತ್ತು ಮಾರ್ಷ್ನರ್ ಹುರುಳಿಕಾಯಿ ಗಿಡಗಳಿಗೆ ಮೆಗ್ನೀಶಿಯಂ ಕೊಡದೆ ಬೆಳೆಸಿ ನೋಡಿದರು. ಆ ರೋಗಿಷ್ಟ ಎಲೆಗಳಲ್ಲೇ ಎಸ್‌ಒಡಿ, ವಿಟಮಿನ್ ಸಿ, ಗ್ಲುಟಾಥಯೋನ್ ಕಿಣ್ವಗಳೆಲ್ಲ ದಂಡಿಯಾಗಿದ್ದವು. ಕಾವಲು ಎಷ್ಟಿದೆ ಎನ್ನುವುದಕ್ಕಿಂತ ಪೊರೆ ಎಷ್ಟು ಉಳಿಯಿತು ಎಂದು ನೋಡುವುದು ಸರಿಯಾದ ಅಳತೆ. ಅದನ್ನು ಮನೆಯಲ್ಲೇ ನೋಡುವ ದಾರಿಯನ್ನು ಕೊನೆಯಲ್ಲಿ ಹೇಳುತ್ತೇನೆ.

ಮುದ್ದಿನ ಸಸಿ, ಪಳಗಿದ ಸಸಿ

ನರ್ಸರಿ ಶುರು ಮಾಡಿದ ಮೊದಲ ವರ್ಷದ ಏಪ್ರಿಲ್. ಗಿರಾಕಿಗಳ ಅವಸರಕ್ಕೆ ಮಣಿದು ನೆರಳು ಪರದೆಯೊಳಗಿಂದ ನೇರವಾಗಿ ಸಸಿಗಳ ಪ್ರೋಟ್ರೇ (ಗುಳಿಗಳಿರುವ ತಟ್ಟೆ) ಎತ್ತಿ ಗಾಡಿಗೆ ತುಂಬಿಸಿದೆ. ಒಳ್ಳೆ ಎತ್ತರ, ತಿಳಿ ಹಸಿರು, ನೋಡಲು ರಾಜಕುಮಾರಿಯರು. ಮೂರನೇ ದಿನ ಒಬ್ಬರು ಒಂದು ಸಸಿ ಕಿತ್ತು ತಂದು ನನ್ನ ಮೇಜಿನ ಮೇಲಿಟ್ಟರು. ಎಲೆಯ ನಡುವೆ ಸಿಗರೇಟು ಕಾಗದದಂಥ ಬಿಳಿ ಮಚ್ಚೆ, ಬೆರಳಿಟ್ಟರೆ ಪುಡಿ. ರೋಗವೆಂದು ಅವರು, ಔಷಧಿ ಸುಟ್ಟಿದೆ ಎಂದು ಪಕ್ಕದವರು. ಎರಡೂ ಅಲ್ಲ, ತಪ್ಪು ಪೂರ್ತಿ ನನ್ನದು. ಆ ಸಾಲಿನ ದುಡ್ಡು ವಾಪಸ್ ಕೊಟ್ಟೆ.

ನೆರಳಲ್ಲಿ ಬೆಳೆದ ಎಲೆಯಲ್ಲಿ ವಿಟಮಿನ್ ಸಿ ದಾಸ್ತಾನು ಕಡಿಮೆ, ಹೆಚ್ಚಾದ ಬೆಳಕನ್ನು ಶಾಖವಾಗಿಸಿ ಹೊರಹಾಕುವ ಹಳದಿ ವರ್ಣಕಗಳೂ ಕಡಿಮೆ. ಬೇಕಿಲ್ಲದ ಕಾವಲುಗಾರರಿಗೆ ಯಾವ ಗಿಡ ಸಂಬಳ ಕೊಟ್ಟೀತು? ಕೊನೆಯ ಆರೇಳು ದಿನ ಪರದೆಯನ್ನು ಮೊದಲು ಬೆಳಗ್ಗೆ ಸಂಜೆ, ಆಮೇಲೆ ಹಗಲೆಲ್ಲ ಸರಿಸಿ, ನೀರನ್ನು ಸ್ವಲ್ಪ ಹಿಡಿದು ಕೊಟ್ಟರೆ ಅವೇ ಎಲೆಗಳು ದಾಸ್ತಾನು ಕಟ್ಟಿಕೊಳ್ಳುತ್ತವೆ. ಚಳಿಗೂ ಇದೇ ನಿಯಮ. 1994ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ಮೆಕ್ಕೆಜೋಳದ ಮೊಳಕೆಗಳನ್ನು ಮೂರು ದಿನ 14 ಡಿಗ್ರಿಯಲ್ಲಿಟ್ಟು ಆಮೇಲೆ 4 ಡಿಗ್ರಿಗೆ ಒಯ್ದರು, ಬದುಕಿದವು. ನೇರವಾಗಿ 4 ಡಿಗ್ರಿಗೆ ಹೋದವು ಸೋತವು. ಸ್ವಾರಸ್ಯವೆಂದರೆ ಚಳಿಯ ಬದಲು ಒಂದಿಷ್ಟು ಹೈಡ್ರೋಜನ್ ಪೆರಾಕ್ಸೈಡ್ ತಾಗಿಸಿದ ಮೊಳಕೆಗಳೂ ಪಳಗಿದವು. ಸುದ್ದಿ ಮುಟ್ಟಿದರೆ ಸಾಕು ಎಂದದ್ದು ಇದನ್ನೇ.

ಸಸಿ ಕೊಳ್ಳುವಾಗ ಎರಡು ಟ್ರೇ ಮುಂದಿದ್ದರೆ ಎತ್ತರದ, ತಿಳಿ ಹಸಿರಿನದನ್ನು ಬಿಟ್ಟು ಗಿಡ್ಡದ, ಕಡು ಹಸಿರಿನದನ್ನು ಎತ್ತಿಕೊಳ್ಳಿ. ಕಾಂಡದ ಬುಡದಲ್ಲಿ ನಸು ನೇರಳೆ ಛಾಯೆ ಇದ್ದರೆ ಇನ್ನೂ ಒಳ್ಳೆಯದು, ಅದು ಆಂಥೋಸಯನಿನ್ ಎಂಬ ಕಾವಲು ವರ್ಣಕ. ಎಲೆಯ ಅಡಿಭಾಗವೆಲ್ಲ ಕಡುನೇರಳೆಯಾಗಿ ಸಸಿ ಕುಗ್ಗಿದ್ದರೆ ಮಾತ್ರ ಬೇಡ, ಅದಕ್ಕೆ ರಂಜಕ ಸಿಕ್ಕಿಲ್ಲ. ಹತ್ತು ಹನ್ನೆರಡು ದಿನ ಪಳಗಿಸುತ್ತೇನೆಂದು ಹೊರಗೇ ಬಿಟ್ಟು ಬಲಿತ ಸಸಿಯೂ ಬೇಡ, ಅದು ನಾಟಿಯಾದ ಮೇಲೆ ಏಳುವುದೇ ಇಲ್ಲ. ಪಳಗಿದ ಸಸಿಗೆ ಟ್ರೇಗೆ ಐದು ಹತ್ತು ರೂಪಾಯಿ ಹೆಚ್ಚು ಕೇಳಿದರೂ ಕೊಡಿ. ನಾನು ಮಾರುವವಳೆಂದು ಹೇಳುತ್ತಿಲ್ಲ. ಸರಿ, ಸ್ವಲ್ಪ ಅದೂ ಇದೆ.

ನೀರು, ನೆರಳು, ಹೊದಿಕೆ

ನೀರು ಕುಡಿದ ಎಲೆ ಬೆವರಿ ತನ್ನನ್ನು ತಾನೇ ತಣಿಸಿಕೊಳ್ಳುತ್ತದೆ. ಮಧ್ಯಾಹ್ನ ಎರಡು ಗಂಟೆಗೆ ನೀರಿರುವ ಸಾಲಿನ ಎಲೆಯೊಂದನ್ನು, ಒಣಗಿದ ಸಾಲಿನ ಎಲೆಯೊಂದನ್ನು ಕೆನ್ನೆಗೆ ಒತ್ತಿ ನೋಡಿ, ಥರ್ಮಾಮೀಟರ್ ಬೇಡ. ನೀರು ನಿಂತರೆ ಪತ್ರರಂಧ್ರ ಮುಚ್ಚುತ್ತದೆ, ಬೆವರು ನಿಲ್ಲುತ್ತದೆ, ಇಂಗಾಲದ ಡೈಆಕ್ಸೈಡ್ ಒಳಬರುವುದೂ ನಿಲ್ಲುತ್ತದೆ. ಆಗ ಬಿಸಿಲ ಪೆಟ್ಟಿನ ಮೇಲೆ ಚಳಿಯ ಪೆಟ್ಟಿನ ಕತೆಯೂ ಸೇರಿಕೊಳ್ಳುತ್ತದೆ, ಮಿಲ್ಲು ತುಂಬಿ ಚೆಲ್ಲುತ್ತದೆ. ಹಾಗಾಗಿ ಬೋರಿನಲ್ಲಿ ನೀರು ಕಡಿಮೆಯಿದ್ದರೆ ಬಾಟಲಿಯ ದುಡ್ಡನ್ನು ಮಣ್ಣಿನ ಮೇಲೆ ಹಾಸುವ ಮಲ್ಚಿಂಗ್ ಪೇಪರಿಗೆ ಹಾಕಿ. ಬೇಸಿಗೆಗೆ ಬೆಳ್ಳಿ ಬಣ್ಣ ಮೇಲಕ್ಕೆ. ಡ್ರಿಪ್ ದಿನಕ್ಕೊಮ್ಮೆ ಧಾರಾಳ ಬಿಡುವ ಬದಲು ಎರಡು ಸಲ ಸ್ವಲ್ಪ ಸ್ವಲ್ಪ.

ಶೇಡ್ ನೆಟ್ ವಿಚಾರಕ್ಕೆ ಬಂದರೆ ಟೊಮೆಟೊಗೆ 35 ಪರ್ಸೆಂಟ್ ಸಾಕು. 50ರದ್ದು ಹಾಕಿದರೆ ಗಿಡ ಸೊರಗಿ ಉದ್ದವಾಗುತ್ತದೆ, ಹೂವೂ ಕಡಿಮೆ. ನೆಟ್ ಕಟ್ಟುವ ಖರ್ಚು ಎಕರೆ ಲೆಕ್ಕದಲ್ಲಿ ಸಣ್ಣದಲ್ಲ, ಆದ್ದರಿಂದ ಬರೀ ಒಂದು ಬೇಸಿಗೆಗೆಂದು ಸಾಲ ಮಾಡಿ ಹಾಕಿಸುವುದಕ್ಕೆ ನನ್ನ ಸಮ್ಮತಿಯಿಲ್ಲ. ವಿಜಯಪುರ ಬಾಗಲಕೋಟೆ ಕಡೆ ದಾಳಿಂಬೆಗೆ ಹೊಡೆಯುವ ಕಯೊಲಿನ್ ಬಿಳಿಮಣ್ಣು ಬಿಸಿಲನ್ನು ತಿರುಗಿಸಿ ಹೊಡೆಯುತ್ತದೆ, ನೆಟ್ಟಿಗಿಂತ ಅಗ್ಗ. ಟೊಮೆಟೊದಲ್ಲಿ ಹಣ್ಣು ತೊಳೆಯುವ ರಗಳೆ ಇದೆ, ಹೂವಿಗೆ ಮೊದಲು ಹೊಡೆದು ನಿಲ್ಲಿಸುವುದು ವಾಸಿ.

ಎಲೆ ಕೀಳುವ ಚಟ ಇರುವವರಿಗೆ ಒಂದು ಮಾತು. ಬೇಸಿಗೆಯಲ್ಲಿ ಮಂಡಿಗೆ ಬರುವ ಟೊಮೆಟೊದ ಭುಜ ಹಳದಿಯಾಗಿಯೇ ಉಳಿಯುವುದನ್ನು ನೋಡಿರುತ್ತೀರಿ, ವ್ಯಾಪಾರಿ ಅದನ್ನು ಪಕ್ಕಕ್ಕೆಸೆಯುತ್ತಾನೆ. ಹಣ್ಣಿನ ಕೆಂಪು ಲೈಕೋಪೀನ್, ಅದೂ ಒಂದು ಆ್ಯಂಟಿಆಕ್ಸಿಡೆಂಟೇ. ಹಣ್ಣು 30-32 ಡಿಗ್ರಿ ದಾಟಿ ಕಾದರೆ ಲೈಕೋಪೀನ್ ತಯಾರಿ ನಿಲ್ಲುತ್ತದೆ, ಹಳದಿ ಕ್ಯಾರೊಟೀನ್ ಮಾತ್ರ ಆಗುತ್ತಿರುತ್ತದೆ. ಅದಕ್ಕೆ ಅತಿ ಅಗ್ಗದ ಶೇಡ್ ನೆಟ್ ಗಿಡದ ಸ್ವಂತ ಎಲೆಯೇ. ಕಾಯಿ ಮೇಲಿನ ಎಲೆ ಕೀಳಬೇಡಿ.

ಬಾಟಲಿಗಳ ಸಾಲು

ಮೇಲಿನದ್ದೆಲ್ಲ ಮಾಡಿಯೂ ಜೇಬಿನಲ್ಲಿ ದುಡ್ಡು ಉಳಿದಿದ್ದರೆ ಇಲ್ಲಿಗೆ ಬನ್ನಿ.

2022ರ ಮಾರ್ಚ್ ನೆನಪಿದೆಯೇ? 1901ರಿಂದ ಲೆಕ್ಕ ಇಟ್ಟಿರುವುದರಲ್ಲೇ ದೇಶದ ಅತಿ ಸೆಕೆಯ ಮಾರ್ಚ್. ಉತ್ತರದಲ್ಲಿ ಗೋಧಿ ಕಾಳು ಹಾಲುಗಟ್ಟುವ ಹೊತ್ತಿಗೇ ಸುಟ್ಟು ಸಣಕಲಾಯಿತು, ಮೇ 13ಕ್ಕೆ ಕೇಂದ್ರ ಗೋಧಿ ರಫ್ತನ್ನೇ ನಿಲ್ಲಿಸಿತು. ಅಂಥ ಕೊನೆಗಾಲದ ಸೆಕೆಗೆ ಲುಧಿಯಾನದ ಪಂಜಾಬ್ ಕೃಷಿ ವಿಶ್ವವಿದ್ಯಾಲಯ ಗೋಧಿಗೆ ಎರಡು ಆಯ್ಕೆ ಹೇಳುತ್ತದೆ: ಎಕರೆಗೆ 200 ಲೀಟರ್ ನೀರಿನಲ್ಲಿ 4 ಕಿಲೋ ಪೊಟ್ಯಾಶಿಯಂ ನೈಟ್ರೇಟ್, ಅಥವಾ ಅಷ್ಟೇ ನೀರಿನಲ್ಲಿ 15 ಗ್ರಾಂ ಸ್ಯಾಲಿಸಿಲಿಕ್ ಆಸಿಡ್. ನಾಲ್ಕು ಕಿಲೋ ಎಲ್ಲಿ, ಹದಿನೈದು ಗ್ರಾಂ ಎಲ್ಲಿ! ಈ ಅಂತರದಲ್ಲೇ ಎರಡರ ಸ್ವಭಾವ ಇದೆ. ಮೊದಲನೆಯದು ಊಟ, ಎರಡನೆಯದು ಸುದ್ದಿ.

ಪೊಟ್ಯಾಶಿಯಂ ನೈಟ್ರೇಟ್ ಎಂದರೆ ನಮ್ಮ ಅಂಗಡಿಗಳಲ್ಲಿ 13:0:45 ಎಂಬ ಹೆಸರಿನಲ್ಲಿ ಸಿಗುವ ಗೊಬ್ಬರ. ಪೊಟ್ಯಾಶ್ ಕಡಿಮೆಯಾದ ಎಲೆಯಿಂದ ಸಕ್ಕರೆ ಸಾಗುವುದಿಲ್ಲ, ಪತ್ರರಂಧ್ರ ಸರಿಯಾಗಿ ತೆರೆಯುವುದಿಲ್ಲ, ಕೆರಳಿದ ಆಮ್ಲಜನಕ ಹೆಚ್ಚುತ್ತದೆ. ಟೊಮೆಟೊಗೆ ಲೀಟರಿಗೆ 5 ಗ್ರಾಂ, ಸಂಜೆ ಹೊತ್ತು. ಇದರಲ್ಲಿ ಕೈತಪ್ಪಿದರೂ ಅನಾಹುತ ಕಡಿಮೆ, ಹೊಸಬರಿಗೆ ನಾನು ಹೇಳುವುದು ಇದನ್ನೇ.

ಸ್ಯಾಲಿಸಿಲಿಕ್ ಆಸಿಡ್ ಜಾಣರ ಕೈಗೆ. 1993ರಲ್ಲಿ ಹೊಗೆಸೊಪ್ಪಿನಲ್ಲಿ ಕಂಡುಕೊಂಡಂತೆ ಅದು ಕ್ಯಾಟಲೇಸಿನ ಕೈ ಹಿಡಿದು ನಿಲ್ಲಿಸುತ್ತದೆ. ಕಾವಲುಗಾರನನ್ನು ಕಟ್ಟಿಹಾಕಿ ರಕ್ಷಣೆ ಹೇಗೆ? ಪೆರಾಕ್ಸೈಡ್ ತುಸು ಏರುತ್ತದೆ, ಸುದ್ದಿ ಮುಟ್ಟುತ್ತದೆ, ಉಳಿದ ಕಾವಲೆಲ್ಲ ಎದ್ದು ನಿಲ್ಲುತ್ತದೆ. ಹುಸಿ ಕಳ್ಳನನ್ನು ಬಿಟ್ಟು ಊರನ್ನು ಎಬ್ಬಿಸಿದ ಹಾಗೆ. ಪ್ರಮಾಣ ಹೆಚ್ಚಾದರೆ ಹುಸಿ ಕಳ್ಳ ನಿಜ ಕಳ್ಳನಾಗುತ್ತಾನೆ. ಮೇಲಿನ ಲೆಕ್ಕದಲ್ಲಿ 16 ಲೀಟರ್ ಟ್ಯಾಂಕಿಗೆ ಬರುವುದು ಒಂದೂಕಾಲು ಗ್ರಾಂಗಿಂತ ತುಸು ಕಡಿಮೆ. ಚಮಚದಲ್ಲಿ ಹಾಕುವವರು ಇದರ ತಂಟೆಗೆ ಹೋಗಬೇಡಿ. ಅಕ್ಕಸಾಲಿಗರ ತಕ್ಕಡಿಯಂಥ ಪುಟ್ಟ ಡಿಜಿಟಲ್ ತಕ್ಕಡಿ ಇದ್ದರೆ ಮಾತ್ರ. ತಣ್ಣೀರಿನಲ್ಲಿ ಬೇಗ ಕರಗುವುದಿಲ್ಲ, ಮೊದಲು ಸ್ವಲ್ಪ ಸ್ಪಿರಿಟ್ಟಿನಲ್ಲಿ ಕರಗಿಸಿಕೊಳ್ಳಬೇಕು. ಮುಖ್ಯವಾಗಿ ಸೆಕೆ ಏರುವ ಎರಡು ಮೂರು ದಿನ ಮೊದಲೇ ಹೊಡೆಯಬೇಕು. ಮೊದಲೇ ಬಾಡಿ ಬಿದ್ದ ಗಿಡಕ್ಕೆ ಹೊಡೆದರೆ ಗಾಯದ ಮೇಲೆ ಬರೆ.

ಸತು, ಬೋರಾನ್, ಮ್ಯಾಂಗನೀಸ್ ಇರುವ ಲಘುಪೋಷಕ ಮಿಶ್ರಣ ನನ್ನ ಪಟ್ಟಿಯಲ್ಲಿ ಸ್ಯಾಲಿಸಿಲಿಕ್‌ಗಿಂತ ಮೇಲೆ. ಹೆಸರಘಟ್ಟದ ತೋಟಗಾರಿಕಾ ಸಂಸ್ಥೆಯ ವೆಜಿಟೆಬಲ್ ಸ್ಪೆಷಲ್ ಅನ್ನು ನಿಂಬೆಹಣ್ಣು, ಶಾಂಪೂ ಸ್ಯಾಚೆ ಹಾಕಿ ಕಲಸುವುದನ್ನು ನಮ್ಮ ಕಡೆ ಹೆಂಗಸರೂ ಬಲ್ಲರು. ಮಣ್ಣು ಪರೀಕ್ಷೆಯಲ್ಲಿ ಸತು ಕಡಿಮೆ ಬಂದಿದ್ದರೆ ಬಿಸಿಲಿಗೂ ಚಳಿಗೂ ಎರಡಕ್ಕೂ ನಿಜವಾಗಿ ಉಪಯೋಗವಾಗುವುದು ಇದೊಂದೇ. ಸತು ಸಾಕಷ್ಟಿರುವ ಹೊಲಕ್ಕೆ ಇನ್ನಷ್ಟು ಸುರಿದರೆ ಹೆಚ್ಚುವರಿ ಎಸ್‌ಒಡಿ ಹುಟ್ಟುತ್ತದೆಂದು ಎಣಿಸಬೇಡಿ.

ಕಡಲಪಾಚಿ ಸಾರ ಕೆಲವೊಮ್ಮೆ ಒಳ್ಳೆ ಕೆಲಸ ಮಾಡುತ್ತದೆ, ಕೆಲವೊಮ್ಮೆ ಬೆಲ್ಲದ ನೀರಿಗಿಂತ ಹೆಚ್ಚೇನಲ್ಲ. ಬಾಟಲಿಯೊಳಗೆ ಏನಿದೆ ಎನ್ನುವುದರ ಮೇಲೆ ಹೋಗುತ್ತದೆ. 2021ರಿಂದ ಇಂಥ ಜೈವಿಕ ಉತ್ತೇಜಕಗಳು ರಸಗೊಬ್ಬರ ನಿಯಂತ್ರಣ ಆದೇಶದಡಿ ಬಂದಿವೆ, ಲೇಬಲ್ಲಿನಲ್ಲಿ ಆ ವಿವರ ಇಲ್ಲದ್ದನ್ನು ಕೈಯಲ್ಲೂ ಹಿಡಿಯಬೇಡಿ. ವಿಟಮಿನ್ ಸಿ ಪುಡಿಯನ್ನೇ ನೀರಿಗೆ ಹಾಕಿ ಹೊಡೆಯುವವರಿದ್ದಾರೆ. ಪ್ರಯೋಗಶಾಲೆಯ ಕುಂಡದಲ್ಲಿ ಫಲ ಕಾಣಬಹುದು, ಆದರೆ ಬಿಸಿಲು ಗಾಳಿಗೆ ಅದು ಬೇಗ ಕೆಡುತ್ತದೆ. ತೋಟಕ್ಕೆ ಹೊಡೆಯುವ ದುಡ್ಡಿಗೆ ಮನೆಮಂದಿ ನೆಲ್ಲಿಕಾಯಿ ತಿನ್ನುವುದು ಮೇಲು.

ಟಿಡಿಎಸ್ ಪೆನ್ನಿನ ಪರೀಕ್ಷೆ

ಎರಡು ತಳಿಯಲ್ಲಿ ಯಾವುದು, ಅಥವಾ ಸಿಂಪಡಿಸಿದ್ದು ಮತ್ತು ಸಿಂಪಡಿಸದ್ದರಲ್ಲಿ ಯಾವುದು ಸೆಕೆ ತಡೆಯುತ್ತದೆಂದು ನೋಡಲು ಲ್ಯಾಬು ಬೇಕಿಲ್ಲ. ಡ್ರಿಪ್ ಗೊಬ್ಬರಕ್ಕೆಂದು ಇಸಿ ಮೀಟರೋ ಟಿಡಿಎಸ್ ಪೆನ್ನೋ ಇದ್ದರೆ ಸಾಕು. ಪೊರೆ ಹರಿದ ಎಲೆಯಿಂದ ಲವಣ ಸೋರಿ ನೀರಿಗೆ ಬರುತ್ತದೆ, ಪೆನ್ನು ಅದನ್ನು ಅಳೆಯುತ್ತದೆ.

ದೊಡ್ಡಪ್ಪನ ಜಗಲಿಯ ಮೇಲೆ ಮಾಡಿದ್ದೂ ಇದೇ. ಅವರದೊಂದು ತಳಿ, ಪಕ್ಕದ ತೋಟದವರದೊಂದು. ಒಂದೇ ವಯಸ್ಸಿನ, ಒಂದೇ ಎತ್ತರದ ಎಲೆಗಳು. ಪೇಪರ್ ಪಂಚಿಂಗ್ ಮಶೀನಿನಲ್ಲಿ ತಲಾ ಇಪ್ಪತ್ತು ಬಿಲ್ಲೆ ಕತ್ತರಿಸಿ, ಬ್ಯಾಟರಿ ಅಂಗಡಿಯ ಡಿಸ್ಟಿಲ್ಡ್ ವಾಟರಿನಲ್ಲಿ ಎರಡು ಸಲ ತೊಳೆದೆವು, ಕತ್ತರಿಸಿದ ಅಂಚಿನ ರಸ ಹೋಗಲಿ ಎಂದು. ಅದೇ ನೀರು ಅರ್ಧರ್ಧ ಲೋಟ ಹಾಕಿದ ಎರಡು ಬಾಟಲಿಗಳಿಗೆ ಬಿಲ್ಲೆ ಹಾಕಿ, ಕೈಯಿಟ್ಟರೆ ಸುಡುವ, 50 ಡಿಗ್ರಿಯಷ್ಟು ಬಿಸಿನೀರಿನ ಪಾತ್ರೆಯಲ್ಲಿ ಒಂದು ಗಂಟೆ ನಿಲ್ಲಿಸಿದೆವು. ತಣಿದ ಮೇಲೆ ಮೊದಲ ಅಳತೆ. ಆಮೇಲೆ ಎರಡನ್ನೂ ಚೆನ್ನಾಗಿ ಕುದಿಸಿ, ಪೂರ್ತಿ ತಣಿಸಿ ಎರಡನೇ ಅಳತೆ; ಅದು ಎಲೆಯಲ್ಲಿದ್ದ ಲವಣದ ಒಟ್ಟು ಲೆಕ್ಕ. ಮೊದಲನೆಯದು ಎರಡನೆಯದರಲ್ಲಿ ನೂರಕ್ಕೆ ಎಷ್ಟು ಎಂದು ನೋಡಿದರೆ ಸೋರಿಕೆ ಗೊತ್ತಾಗುತ್ತದೆ. ಕಡಿಮೆ ಸೋರಿದ್ದು ಗಟ್ಟಿ. ಚಳಿಗಾದರೆ ಬಿಸಿನೀರಿನ ಬದಲು ಫ್ರಿಜ್ಜಿನಲ್ಲಿ ಒಂದು ರಾತ್ರಿ ಇಟ್ಟು ಇದೇ ರೀತಿ ಮಾಡಬಹುದು. ಇದು ಎಲೆಯ ಪರೀಕ್ಷೆ, ಪರಾಗದ್ದಲ್ಲ. ಹಾಗಾಗಿ ತಳಿಯ ಬಗ್ಗೆ ಕೊನೆಯ ಮಾತಿಗೆ ಏಪ್ರಿಲ್ಲಿನ ಗೊಂಚಲನ್ನೇ ಎಣಿಸಬೇಕು.

ಪಕ್ಕದ ತೋಟದವರದ್ದೇ ಕಡಿಮೆ ಸೋರಿತ್ತು. ದೊಡ್ಡಪ್ಪ ಪೆನ್ನನ್ನು ಎರಡು ಸಲ ಒರೆಸಿ ಮತ್ತೆ ಅದ್ದಿ ನೋಡಿದರು. ಆಮೇಲೆ ಬಾಟಲಿಯ ವಿಷಯ ಎತ್ತಲಿಲ್ಲ. "ಮಲ್ಚಿಂಗ್ ಪೇಪರ್ ಈಗ ಹಾಕಕ್ಕಾಗಲ್ವಲ್ಲ ತಾಯಿ, ಗಿಡ ನಿಂತೈತೆ. ಕಬ್ಬಿನ ತರಗು ಹಾಸಿದ್ರೆ ನಡೀತದಾ?" ಎಂದರು. ನಡೀತದೆ ದೊಡ್ಡಪ್ಪ ಎಂದೆ, ಮಾರನೇ ದಿನ ಬೆಳಗ್ಗೆ ಟ್ರ್ಯಾಕ್ಟರ್ ಹೋಯಿತು.